ವೆಂಕಟಯ್ಯನ ಎಡಗೈ

"ಇದೆಂತ ಕೈ ಮಾರಾಯ್ತಿ? ಮನುಷ್ಯರದ್ದಾ, ಎಮ್ಮೆದಾ? ಸೂಜಿಯೇ ಬಾಗ್ತದಲ್ಲ."

ಡಾಕ್ಟರ್ ಕಾಂತೇಶ್ ಮೂರನೇ ಸೂಜಿಯನ್ನು ತಟ್ಟೆಗೆ ಎಸೆದು ಗುಡ್ಡಮ್ಮನ ಮುಖ ನೋಡಿದರು, ಗಂಡನಿಗೆ ಇಂಥ ಚರ್ಮ ಹೊಲಿದುಕೊಟ್ಟವಳು ಇವಳೇ ಎಂಬ ಹಾಗೆ. ಮಂಚದ ಮೇಲೆ ವೆಂಕಟಯ್ಯ ಕಣ್ಣು ಅರ್ಧ ತೆರೆದು ಬಿದ್ದಿದ್ದ. ಎಚ್ಚರ ಇರಲಿಲ್ಲ. ಕಣ್ಣಿನ ಬಿಳಿಯೆಲ್ಲ ಅರಿಸಿನ ಬಳಿದ ಹಾಗೆ ಹಳದಿ. ಮೂವತ್ತು ವರ್ಷ ಅಡಿಕೆ ಮರ ಹತ್ತಿ ಇಳಿದ ಕೈ ಅದು. ಅಂಗೈ ಹಲಗೆಯಷ್ಟು ಗಟ್ಟಿ, ಉಗುರಿನ ಸಂದಿಯಲ್ಲಿ ಎಷ್ಟು ತಿಕ್ಕಿದರೂ ಹೋಗದ ಮೈಲುತುತ್ತದ ನೀಲಿ. ಮೇಗುಂದದ ಕಡೆ ಅಡಿಕೆಯ ಕೊನೆ ಇಳಿಸಬೇಕೆಂದರೆ, ಕೊಳೆರೋಗಕ್ಕೆ ಮದ್ದು ಹೊಡೆಯಬೇಕೆಂದರೆ, ಮೊದಲು ಹೇಳಿಕಳಿಸುತ್ತಿದ್ದದ್ದು ಈ ಕೈಗೆ.

ಬಾಗಿಲ ಹತ್ತಿರ ನಿಂತಿದ್ದ ಹರಿಹರಯ್ಯ ನಕ್ಕರು. ತೋಟ ಅವರದ್ದು, ಗುಡ್ಡಮ್ಮ ವೆಂಕಟಯ್ಯ ಇರುವ ಬಿಡಾರವೂ ಅವರದ್ದು.

"ನನ್ನ ತೋಟಕ್ಕೆ ಈ ಚರ್ಮವೇ ಆಗ್ಬೇಕು ಡಾಕ್ಟ್ರೇ. ನಿಮ್ಮಂಥ ಮೆತ್ತಗಿನ ಕೈ ತಗೊಂಡು ನಾನೆಂತ ಮಾಡ್ಲಿ?"

ಇಬ್ಬರೂ ನಕ್ಕರು. ನಡುವೆ ಒಬ್ಬ ಸಾಯುತ್ತ ಮಲಗಿದ್ದ.

ಜ್ವರ ಶುರುವಾಗಿದ್ದು ಐದು ದಿನದ ಹಿಂದೆ. ಅದಕ್ಕೂ ಒಂದು ವಾರ ಮೊದಲು ತೋಟದ ಬಸಿಗಾಲುವೆಯಲ್ಲಿ ಕೊಳೆತ ಸೋಗೆ, ಕೆಸರು, ಸತ್ತ ಇಲಿ ಎಲ್ಲ ಸೇರಿ ನೀರು ಕಟ್ಟಿ ನಿಂತಿತ್ತು, ಇಳಿದು ಬಿಡಿಸಬೇಕಿತ್ತು. ವೆಂಕಟಯ್ಯನ ಹಿಮ್ಮಡಿ ಒಡೆದಿದೆ, ಎರಡು ದಿನ ಬಿಟ್ಟು ಇಳಿಯುತ್ತಾನೆ ಅಂದಳು ಗುಡ್ಡಮ್ಮ. ಹಿಮ್ಮಡಿ ಒಡೆಯದವನು ಈ ಊರಲ್ಲಿ ಯಾವನಿದ್ದಾನೆ ಅಂದರು ಹರಿಹರಯ್ಯ. ಇಳಿದ. ಜ್ವರದ ಮೂರನೇ ದಿನ ಮೈ ಕೆಂಡವಾದಾಗಲೂ ಅದು ಕೆಲಸ ತಪ್ಪಿಸುವ ಕಳ್ಳ ಜ್ವರ ಅಂದರು ಹರಿಹರಯ್ಯ. ಐದನೇ ದಿನ ಉಚ್ಚೆ ಕಟ್ಟಿ, ಮಾತು ತಪ್ಪಿ, ಬಿಡಾರದ ಬಾಗಿಲಲ್ಲೇ ಬಿದ್ದ ಮೇಲೆ ಅವರ ಜೀಪು ಹೊರಟಿತು. ಸೀಟು ಗಲೀಜಾಗುತ್ತದೆಂದು ಹಿಂದುಗಡೆ ಗೊಬ್ಬರದ ಚೀಲ ಹಾಸಿ ಮಲಗಿಸಿದರು. ಕೊಪ್ಪದ ಆಸ್ಪತ್ರೆ ಮುಟ್ಟುವವರೆಗೂ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗುಡ್ಡಮ್ಮ ಆ ಚೀಲದ ನಾತದಲ್ಲೇ ಕೂತಿದ್ದಳು.

ಇಲಿಜ್ವರ, ಬಿ.ಪಿ. ನೆಲಕ್ಕೆ ಬಿದ್ದಿದೆ ಅಂದರು ಡಾಕ್ಟರು. ಅದನ್ನು ಎಬ್ಬಿಸುವುದಕ್ಕೆ ಒಂದು ಔಷಧಿ, ಹನಿಹನಿಯಾಗಿ ನರಕ್ಕೆ ಹೋಗಬೇಕು, ಒಂದು ಗಳಿಗೆಯೂ ನಿಲ್ಲಬಾರದು. ನಾಲ್ಕನೇ ಸಲ ಎಡಗೈಯ ಹಿಂಬದಿಯಲ್ಲಿ ದಾರದಂಥ ನರವೊಂದು ಸಿಕ್ಕಿತು. ಸಿರಿಂಜನ್ನು ತಾನಾಗಿ ದೂಡುವ ಒಂದು ಸಣ್ಣ ಮಿಷನ್ನಿಗೆ ಅಲ್ಲಿ ಚುಚ್ಚಿದ ನಳಿಗೆಯನ್ನು ಸಿಕ್ಕಿಸಿದರು. ನರ್ಸು ದಿವ್ಯ, ಇನ್ನೂ ಮುಖದ ಮೊಡವೆ ಮಾಯದ ಹುಡುಗಿ, ಮೆಲ್ಲಗೆ ಕೇಳಿದಳು.

"ಸರ್, ಇದಕ್ಕೆ ಕುತ್ತಿಗೆಯ ದೊಡ್ಡ ನರಕ್ಕೆ ಲೈನ್ ಹಾಕ್ಬೇಕಲ್ಲ?"

"ಬಂದು ಹಾಕ್ತೀನಿ. ಸದ್ಯ ಕೈಗೇ ಬಿಡು."

ಬಾಳೆಹೊನ್ನೂರಲ್ಲಿ ಯಾರದೋ ಗೃಹಪ್ರವೇಶದ ಊಟ. ಹರಿಹರಯ್ಯನಿಗೂ ಅಲ್ಲಿಗೇ ಕರೆ ಇತ್ತು. ಜೀಪು ಆಸ್ಪತ್ರೆಯ ಅಂಗಳದಲ್ಲೇ ಬಿಟ್ಟು ಡಾಕ್ಟರ ಕಾರಲ್ಲಿ ಇಬ್ಬರೂ ಒಟ್ಟಿಗೆ ಹೋದರು.

ಗುಡ್ಡಮ್ಮನ ಕೆಲಸ ಏನೆಂದು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಮದ್ದು ಹೊಡೆಯುವ ದಿನಗಳಲ್ಲಿ ಗಂಡ ಮರದ ತುದಿಯಲ್ಲಿ, ಇವಳು ಬುಡದಲ್ಲಿ. ಮಿಷನ್ನು ದೂರದಲ್ಲಿ ಡ್ರಮ್ಮಿನ ಪಕ್ಕ ಬಡಿದುಕೊಳ್ಳುತ್ತಿರುತ್ತದೆ. ನಡುವೆ ಮುನ್ನೂರು ಅಡಿ ಪೈಪು. ಅದನ್ನು ಎಳೆದು, ಬಿಟ್ಟು, ಜಾಯಿಂಟಿನ ಮೇಲೆ ಕೈ ಇಟ್ಟುಕೊಂಡು ನಿಲ್ಲುವುದು ಇವಳ ಪಾಲಿನ ಕೆಲಸ. ಜಾಯಿಂಟು ಸೋರಿದರೆ ಮಿಷನ್ನಿಗೆ ಗೊತ್ತಾಗುವುದಿಲ್ಲ, ಅದು ತನ್ನ ಪಾಡಿಗೆ ದೂಡುತ್ತಲೇ ಇರುತ್ತದೆ. ಮೇಲಿದ್ದವನಿಗೂ ಕೂಡಲೇ ತಿಳಿಯುವುದಿಲ್ಲ. ಕೈ ಇಟ್ಟವಳಿಗೆ ತಿಳಿಯುತ್ತದೆ. ಸೋರಿದ ಮದ್ದು ತಾಗಿದ ಕಡೆ ಚರ್ಮ ಸುಲಿದು ಹೋಗುತ್ತದೆ, ಅದಕ್ಕೆ ಮೊದಲು ವಾಲ್ವು ಕಟ್ಟಬೇಕು, ಮಾತೆಲ್ಲ ಆಮೇಲೆ. ಹನ್ನೆರಡು ವರ್ಷ ಇದನ್ನೇ ಮಾಡಿದವಳು ಅವಳು. ಅವಳ ಎರಡೂ ಮುಂಗೈಯಲ್ಲಿ ಕಲೆಗಳಿವೆ.

ಸೂಜಿ ಚುಚ್ಚಿದ ಮೇಲೆ ಹೊರಗೆ ಕಳಿಸಿದ್ದ ಅವಳನ್ನು ಮಧ್ಯಾಹ್ನ ಎರಡು ಗಂಟೆಗೆ ಮತ್ತೆ ಒಳಗೆ ಬಿಟ್ಟರು. ಗಂಡನ ಎಡಗೈ ಮುಟ್ಟಿದಳು. ಕೈ ಐಸಿನ ಹಾಗೆ ತಣ್ಣಗಿತ್ತು. ನಳಿಗೆ ಹೊಕ್ಕ ಜಾಗದ ಸುತ್ತ ಊದಿ, ಚರ್ಮ ಬೇಯಿಸಿದ ಮೊಟ್ಟೆಯ ಹಾಗೆ ಬೆಳ್ಳಗಾಗಿತ್ತು. ಒತ್ತಿದರೆ ಕಲ್ಲು.

"ಸಿಸ್ಟ್ರೇ, ಇದು ಸೋರ್ತೈತೆ."

ದಿವ್ಯ ಆಚೆ ಮಂಚದ ಮುದುಕಿಗೆ ಉಚ್ಚೆ ಚೀಲ ಕಟ್ಟುತ್ತಿದ್ದಳು. ಒಂಬತ್ತು ಮಂಚಕ್ಕೆ ಅವಳೊಬ್ಬಳು, ಹಿಂದಿನ ದಿನದಿಂದ ಮನೆಗೆ ಹೋಗಿರಲಿಲ್ಲ. ತಲೆ ಎತ್ತದೆಯೇ ಮಿಷನ್ ಕೂಗಿದೆಯಾ ಅಂತ ಕೇಳಿದಳು. ಇಲ್ಲ ಅಂದಳು ಗುಡ್ಡಮ್ಮ. ಮತ್ತೆ ಸೋರುತ್ತದೆ ಅಂತ ಹೇಗೆ ಹೇಳುತ್ತೀರಿ ಅಂದಳು.

"ಮಿಷನ್ನಿಗೆ ಎಂತ ಗೊತ್ತಾಗ್ತೈತೆ? ಅದು ದೂಡ್ತೈತೆ ಅಷ್ಟೇ. ಒಳಗೆ ಹೋಗ್ತಿಲ್ಲ ಮಾರಾಯ್ತಿ, ಚರ್ಮದ ಅಡಿಗೆ ಹೋಗ್ತೈತೆ. ಬಂದು ಮುಟ್ಟಿ ನೋಡಿ."

ಬರಲಿಲ್ಲ. ಗುಡ್ಡಮ್ಮನ ಕೈ ತಾನಾಗಿ ನಳಿಗೆಯ ಮೇಲಿದ್ದ ಸಣ್ಣ ಕ್ಲಿಪ್ಪಿನ ಕಡೆಗೆ ಹೋಯಿತು. ಕಟ್ಟುವುದು ಹೇಗೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ದಿವ್ಯ ಅದನ್ನು ಕಂಡು ಓಡಿ ಬಂದು ಅವಳ ರಟ್ಟೆ ಹಿಡಿದಳು.

"ಏ ಅಮ್ಮ, ಅದನ್ನ ನಿಲ್ಸಿದ್ರೆ ನಿಮ್ಮೆಜಮಾನ್ರು ಐದು ನಿಮಿಷ ಬದುಕಲ್ಲ. ಕೊಲೆ ಕೇಸಾಗ್ತದೆ, ಗೊತ್ತುಂಟಾ?"

ಗುಡ್ಡಮ್ಮ ಕೈ ಹಿಂದಕ್ಕೆ ತೆಗೆದಳು. ತೋಟದಲ್ಲಾಗಿದ್ದರೆ ಯಾರಪ್ಪನ ಮಾತೂ ಕೇಳುತ್ತಿರಲಿಲ್ಲ. ಇಲ್ಲಿ ಗೋಡೆ ಬೆಳ್ಳಗೆ, ನೆಲ ಹೊಳೆಯುತ್ತದೆ, ಹುಡುಗಿ ಇಂಗ್ಲಿಷು ಓದಿದವಳು. ಕಲಿತವರ ಜಾಗ, ತನಗೆ ಗೊತ್ತಿದ್ದದ್ದು ಇಲ್ಲಿ ನಡೆಯುವುದಿಲ್ಲ ಅಂದುಕೊಂಡಳು.

ಆದರೂ ಸುಮ್ಮನೆ ಕೂರಲಾಗಲಿಲ್ಲ. ತಣ್ಣಗಾದ ಕೈಗೆ ಶಾಖ ಕೊಡಬೇಕು, ಅವ್ವ ಕೊಡುತ್ತಿದ್ದಳು, ಅಜ್ಜಿ ಕೊಡುತ್ತಿದ್ದಳು. ಹೊರಗೆ ಹೋಗಿ ಕ್ಯಾಂಟೀನಿನಿಂದ ಬಿಸಿನೀರು ತಂದಳು. ಸೆರಗಿನ ತುದಿ ಅದ್ದಿ, ಹಿಂಡಿ, ಮೊದಲು ತನ್ನ ಕೆನ್ನೆಗೆ ಒತ್ತಿ ನೋಡಿದಳು. ಸುಡುವುದಿಲ್ಲ ಅಂತಾದ ಮೇಲೆ ಗಂಡನ ಕೈಗೆ ಇಟ್ಟಳು. ಮೂರು ಸಲ ಇಟ್ಟಳು. ನಾಲ್ಕನೇ ಸಲಕ್ಕೆ ದಿವ್ಯ ಬಂದು ಅದನ್ನು ಕಿತ್ತು ಬಿಸಾಡಿದಳು. ಆಗ ಕೈ ಕಂಡಿತು. ಹುಡುಗಿಯ ಮುಖ ಬಿಳುಚಿಕೊಂಡಿತು.

ಅಲ್ಲೇ ನಿಂತು ಡಾಕ್ಟರಿಗೆ ಫೋನು ಮಾಡಿದಳು. ಫೋನಿನೊಳಗೆ ಪಂಕ್ತಿಯ ಗಲಾಟೆ, ಪಾಯಸ ಪಾಯಸ ಅಂತ ಯಾರೋ ಕೂಗುವುದು ಗುಡ್ಡಮ್ಮನಿಗೂ ಕೇಳಿಸಿತು. ಐಸ್ ಇಡು ಅಂದರಂತೆ. ಸೂಜಿ ತೆಗೀಬೇಡ, ಅವನಿಗೆ ಇನ್ನೊಂದು ಕಡೆ ನರ ಸಿಗುವುದಿಲ್ಲ ಅಂದರಂತೆ. ಅವರು ಹೇಳಿದ ಹಾಗೆ ದಿವ್ಯ ಮಾಡಿದಳು. ಐಸಿನ ಚೀಲದ ಅಡಿಯಲ್ಲಿ ವೆಂಕಟಯ್ಯನ ಕೈ, ಸಂಜೆ ಏಳು ಗಂಟೆಯವರೆಗೆ. ಮಿಷನ್ನು ದೂಡುತ್ತಲೇ ಇತ್ತು.

ಏಳಕ್ಕೆ ಕಾಂತೇಶ್ ಡಾಕ್ಟರು ಬಾಯಲ್ಲಿ ಎಲೆಯಡಿಕೆ ಇಟ್ಟುಕೊಂಡು ಬಂದರು. ಕುತ್ತಿಗೆಗೆ ಲೈನು ಹಾಕಿದರು. ಎಷ್ಟು ಹೊತ್ತಿನ ಕೆಲಸ ಅಂತೀರಿ? ಹದಿನೈದು ನಿಮಿಷ.

ವೆಂಕಟಯ್ಯ ಬದುಕಿದ. ನಾಲ್ಕನೇ ದಿನ ಕಣ್ಣು ಬಿಟ್ಟ. ಡಾಕ್ಟರು ಬಂದವರಿಗೆಲ್ಲ ಅವನನ್ನು ತೋರಿಸಿ, ಯಮನ ಬಾಗಿಲಿಂದ ಎಳೆದು ತಂದ ಕೇಸಿದು ಅನ್ನುತ್ತಿದ್ದರು. ಅವನ ಕೈಯನ್ನು ಮಾತ್ರ ಬೆಡ್‌ಶೀಟಿನ ಅಡಿಗೆ ಮುಚ್ಚಿಟ್ಟಿದ್ದರು.

ಮುಚ್ಚಿಟ್ಟರೆ ವಾಸನೆ ನಿಲ್ಲುತ್ತದೆಯೇ. ಬೆರಳು ಮೊದಲು ನೇರಳೆ ಬಣ್ಣಕ್ಕೆ ಬಂತು, ಆಮೇಲೆ ಕಪ್ಪಾಯಿತು. ಕೈಯ ಹಿಂಬದಿಯ ಗುಳ್ಳೆಗಳು ಒಡೆದು ಹಳದಿ ನೀರು ಹಾಸಿಗೆಗೆ ಇಳಿಯಿತು. ಇಲಿ ಸತ್ತ ಅಟ್ಟದ ವಾಸನೆ. ಅಕ್ಕಪಕ್ಕದ ರೋಗಿಗಳ ಕಡೆಯವರು ಮೂಗು ಮುಚ್ಚಿ ಮಂಚ ದೂರ ಎಳೆದುಕೊಂಡರು, ಊಟದ ಡಬ್ಬಿ ಹೊರಗೆ ಒಯ್ದರು. ಗುಡ್ಡಮ್ಮನಿಗೂ ಓಕರಿಕೆ ಬರುತ್ತಿತ್ತು. ಗಂಡನ ಕೈಗೇ ಓಕರಿಸುತ್ತೀಯಲ್ಲ ಮುಂಡೆ ಅಂತ ತನ್ನನ್ನೇ ಬೈದುಕೊಂಡು ನೊಣ ಓಡಿಸುತ್ತ ಕೂತಳು.

"ಗುಡ್ಡೀ, ಎಡಗೈ ಎಲ್ಲೈತೆ? ಇಟ್ಟಿದ್ದೇ ಗೊತ್ತಾಗ್ತಿಲ್ಲ," ಅಂದ ವೆಂಕಟಯ್ಯ.

ಗುಡ್ಡಮ್ಮ ಬೆಡ್‌ಶೀಟನ್ನು ಇನ್ನಷ್ಟು ಮೇಲೆ ಎಳೆದಳು. ಇಲ್ಲೇ ಐತೆ ಅಂದಳು.

ಅವನು ಕಣ್ಣು ಬಿಟ್ಟ ದಿನವೇ ಹರಿಹರಯ್ಯ ನೋಡಲಿಕ್ಕೆ ಬಂದರು, ಕರ್ಚೀಫು ಮೂಗಿಗೆ ಹಿಡಿದುಕೊಂಡೇ. ಡಾಕ್ಟರು ಜೇಬಿನ ಪೆನ್ನು ತೆಗೆದು ಅದರ ತುದಿಯಲ್ಲಿ ಬೆಡ್‌ಶೀಟು ಎತ್ತಿ ತೋರಿಸಿದರು. ಹರಿಹರಯ್ಯ ಥೂ ಅಂದು ಮುಖ ತಿರುಗಿಸಿದರು. ಡಾಕ್ಟರು ಪೆನ್ನನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಮತ್ತೆ ಜೇಬಿಗೆ ಇಟ್ಟುಕೊಂಡರು. ಸೂಜಿ ಚುಚ್ಚಿದ ಮೇಲೆ ಈ ನಾಲ್ಕು ದಿನದಲ್ಲಿ ಅವರು ಆ ಕೈಯನ್ನು ಒಂದು ಸಲವೂ ಮುಟ್ಟಿರಲಿಲ್ಲ.

"ಇವಳೇ ಮಾಡಿದ್ದು ಹರಿಹರಯ್ನೋರೇ. ಕುದಿಯೋ ನೀರಿನ ಬಟ್ಟೆ ಇಟ್ಟಿದ್ದಾಳೆ. ನಾವು ಜೀವ ಉಳಿಸ್ತೀವಿ, ಈ ಜನ ಬೇಯಿಸಿ ಹಾಕ್ತಾರೆ."

ಕುದಿಯುವ ನೀರಲ್ಲ, ಕೆನ್ನೆಗೆ ಒತ್ತಿ ನೋಡಿದ್ದೆ ಅನ್ನಲು ಬಾಯಿ ತೆರೆದಳು ಗುಡ್ಡಮ್ಮ. ಹರಿಹರಯ್ಯ ಕೈ ಎತ್ತಿ ಸುಮ್ಮನಿರಿಸಿದರು. ಜೀವ ಉಳಿಯಿತಲ್ಲ, ಒಂದು ಕೈ ಹೋದರೆ ಎಂತ ಆಯಿತು, ಇನ್ನೊಂದಿದೆಯಲ್ಲ ಅಂದರು. ಕೊನೆ ತೆಗೆಯಲು ಬೇಗಾರಿನ ಕಡೆಯಿಂದ ಬೇರೆಯವನನ್ನು ಆಗಲೇ ಗೊತ್ತು ಮಾಡಿದ್ದೇನೆ, ಚಿಂತೆ ಮಾಡಬೇಡ ಅಂತಲೂ ಹೇಳಿದರು. ಯಾರ ಚಿಂತೆಯೋ.

ಮಂಚದ ಮೇಲೆ ವೆಂಕಟಯ್ಯ ಎಲ್ಲ ಕೇಳಿಸಿಕೊಂಡಿದ್ದ.

"ನೀನು ಬಿಸಿ ಇಟ್ಟಿದ್ದು ಹೌದಾ?" ಅಂತ ಕೇಳಿದ. ಹೌದು ಅಂದಳು. ಅವನು ಗೋಡೆಯ ಕಡೆ ತಿರುಗಿಕೊಂಡ. ಆ ಹೊತ್ತಿನಿಂದ ಅವಳ ಕೈಯಿಂದ ಗಂಜಿ ಕುಡಿಯಲಿಲ್ಲ. ಕೂಡಿ ಬಾಳಿದ ಇಪ್ಪತ್ತಾರು ವರ್ಷದಲ್ಲಿ ಅವನು ಕುಡಿದು ಬಂದು ಬೈದದ್ದುಂಟು, ಒಂದೆರಡು ಸಲ ಹೊಡೆದದ್ದೂ ಉಂಟು. ಅದೆಲ್ಲ ಆಗಿ ಮಾರನೇ ದಿನಕ್ಕೆ ಮರೆತುಹೋಗುತ್ತಿತ್ತು. ಇದು ಹಾಗಲ್ಲ. ಗುಡ್ಡಮ್ಮ ತನ್ನ ಬಲಗೈಯನ್ನು ತಾನೇ ನೋಡಿಕೊಂಡಳು. ಈ ಹಾಳಾದ ಕೈಯೇ ಅವನ ಕೈ ತಿಂದದ್ದು ಅಂತ ಅವಳಿಗೆ ಖಾತ್ರಿಯಾಗಿಬಿಟ್ಟಿತ್ತು.

ದೊಡ್ಡಾಸ್ಪತ್ರೆಗೆ ಕಳಿಸಿ ಅಂತ ಕೇಳಿದ್ದಕ್ಕೆ, ಅಲ್ಲಿ ಕತ್ತರಿಸುವುದನ್ನು ಇಲ್ಲೇ ಕತ್ತರಿಸುತ್ತಾರೆ ಅಂದರು ಡಾಕ್ಟರು. ಶನಿವಾರ ಶಿವಮೊಗ್ಗದಿಂದ ಬರುವ ಸರ್ಜನ್ನು ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ ಕತ್ತರಿಸಿದರು. ಹನ್ನೊಂದು ಗಂಟೆಗೆ ವಾರ್ಡಿನವನೊಬ್ಬ ಬಂದು ಗುಡ್ಡಮ್ಮನ ಕೈಗೆ ಹಳದಿ ಪ್ಲಾಸ್ಟಿಕ್ಕು ಚೀಲ ಕೊಟ್ಟ. ಎಂತದು ಅಂತ ಕೇಳಿದಳು. ನಿಮ್ಮದೇ, ತಗೊಂಡು ಹೋಗಿ ಹೂತುಬಿಡಿ, ಇಲ್ಲಿ ಇಟ್ಟುಕೊಳ್ಳಲು ಜಾಗ ಇಲ್ಲ ಅಂದ. ಅದು ಅವಳು ಎಣಿಸಿದಷ್ಟು ಭಾರವೂ ಇರಲಿಲ್ಲ.

ಚೀಲ ಹಿಡಿದು ಎಲ್ಲಿ ಕೂರುವುದು? ಬೆಂಚಿನಲ್ಲಿ ಕೂತರೆ ಪಕ್ಕದವರು ಏಳುತ್ತಾರೆ. ಆಸ್ಪತ್ರೆಯ ಹಿಂದೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹೋಗಿ ಕೂತಳು. ದಿವ್ಯ ಅಲ್ಲಿಗೆ ಬಂದಳು. ನಲ್ಲಿ ತಿರುಗಿಸಿ, ನೀರಿನ ಸದ್ದು ಜೋರು ಮಾಡಿ, ಕೈ ತೊಳೆಯುವ ಹಾಗೆ ನಿಂತಳು. ತೊಳೆದ ಕೈಯನ್ನೇ ತೊಳೆಯುತ್ತಿದ್ದಳು.

"ಅಕ್ಕ, ನೀವು ಮಾಡಿದ್ದು ಸರಿ ಇತ್ತು."

ಗುಡ್ಡಮ್ಮನಿಗೆ ತಿಳಿಯಲಿಲ್ಲ. ದಿವ್ಯ ತಲೆ ತಗ್ಗಿಸಿಕೊಂಡೇ ಎಲ್ಲ ಹೇಳಿದಳು. ಆ ಔಷಧಿ ದೊಡ್ಡ ನರಕ್ಕೆ ಹೋಗಬೇಕಾದ್ದು. ಕೈಯ ನರದಲ್ಲಿ ಕೊಟ್ಟರೆ ಗಳಿಗೆಗೊಮ್ಮೆ ಮುಟ್ಟಿ ನೋಡಬೇಕು. ಸೋರಿದರೆ ಅದು ಅಲ್ಲಿನ ರಕ್ತನಾಳವನ್ನೆಲ್ಲ ಹಿಂಡಿಬಿಡುತ್ತದೆ, ರಕ್ತ ಹೋಗದೆ ಮಾಂಸ ಸಾಯುತ್ತದೆ. ಆಗ ಕೂಡಲೇ ಬೇರೆ ಕಡೆಗೆ ಬದಲಿಸಿ, ಅಲ್ಲಿಗೊಂದು ಇಂಜೆಕ್ಷನ್ನು ಕೊಟ್ಟು, ಬೆಚ್ಚಗಿನ ಬಟ್ಟೆ ಇಡಬೇಕು. ಪುಸ್ತಕದಲ್ಲಿ ಹಾಗೇ ಇದೆ, ನಿನ್ನೆ ತೆಗೆದು ನೋಡಿದೆ ಅಂದಳು. ಐಸು ಇಡಲೇಬಾರದಂತೆ. ಇಟ್ಟವಳು ನಾನೇ ಅಂದಳು. ಆಮೇಲೆ ಅತ್ತಳು.

"ನನ್ನ ಹೆಸರು ಹೇಳ್ಬೇಡಿ ಅಕ್ಕ. ಸರ್ಟಿಫಿಕೇಟೆಲ್ಲ ಅವ್ರ ಕೈಲುಂಟು."

ಇಷ್ಟು ದಿನ ಗುಡ್ಡಮ್ಮನ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿಯಿತು, ಇಳಿದ ಜಾಗದಲ್ಲಿ ಬೆಂಕಿ ಹತ್ತಿತು. ಬೋಳಿಮಕ್ಳಾ ಅಂದಳು, ಅಷ್ಟೇ. ಚೀಲ ಎತ್ತಿಕೊಂಡು ಎದ್ದಳು.

ಅವಳನ್ನು ಹುಡುಕಿಕೊಂಡು ಆಸ್ಪತ್ರೆಯ ಮ್ಯಾನೇಜರು ಆಗಲೇ ಆಳು ಕಳಿಸಿದ್ದ. ಮ್ಯಾನೇಜರ ರೂಮಿಗೆ ಬಾಗಿಲಿಲ್ಲ, ಹಾಲಿಗೆ ತೆರೆದುಕೊಂಡಿತ್ತು. ಹಾಲಿನ ತುಂಬ ಚೀಟಿ ಮಾಡಿಸಿ ಕೂತ ಜನ. ಮೇಜಿನ ಈಚೆ ಹರಿಹರಯ್ಯ, ಆಚೆ ಮ್ಯಾನೇಜರ್ ರೇಣುಕಪ್ಪ, ನಡುವೆ ಒಂದು ತಟ್ಟೆ ಗೋಳಿಬಜೆ, ಚಟ್ನಿ. ರೇಣುಕಪ್ಪ ಬೆರಳು ನೆಕ್ಕಿ ಒಂದು ಕಾಗದ ಮುಂದಕ್ಕೆ ದೂಡಿದ. ಇದು ಆಪರೇಷನ್ನಿನ ಕಾಗದ, ಇಲ್ಲಿ ಹೆಬ್ಬೆಟ್ಟು ಒತ್ತು ಅಂದ.

ಓದಿ ಹೇಳಿ ಅಂದಳು ಗುಡ್ಡಮ್ಮ. ಎಲ್ಲ ಓದುತ್ತ ಕೂರಲು ನಿನಗೆ ಪುರಾಣ ಅಲ್ಲ ಇದು ಅಂದ. ಓದಿ ಅಂತ ಮತ್ತೆ ಅಂದಳು. ಹರಿಹರಯ್ಯ ಕಣ್ಸನ್ನೆ ಮಾಡಿದ ಮೇಲೆ ಗಡಗಡನೆ ಓದಿದ. ರೋಗಿಯ ಹೆಂಡತಿಯಾದ ಗುಡ್ಡಮ್ಮ ಎಂಬವಳು ಸಿಬ್ಬಂದಿ ಬೇಡವೆಂದರೂ ಕೇಳದೆ ಬಿಸಿ ಶಾಖ ಕೊಟ್ಟಿದ್ದರಿಂದ ಕೈ ಸುಟ್ಟು ಕೊಳೆತಿದ್ದು, ಇದರಲ್ಲಿ ಆಸ್ಪತ್ರೆಯವರ ಯಾವ ತಪ್ಪೂ ಇರುವುದಿಲ್ಲ, ನಮ್ಮ ಯಾವ ತಕರಾರೂ ಇರುವುದಿಲ್ಲ.

"ನಾನು ಒತ್ತಲ್ಲ," ಅಂದಳು.

ಹರಿಹರಯ್ಯ ಕುರ್ಚಿಯಲ್ಲಿ ಮುಂದಕ್ಕೆ ಬಗ್ಗಿದರು. ಸಿಟ್ಟೇನೂ ಇರಲಿಲ್ಲ, ಬುದ್ಧಿ ಹೇಳುವ ದನಿ.

"ನೋಡು ಗುಡ್ಡಿ, ಒಂದು ಕೈಯವನನ್ನ ಇಟ್ಕೊಂಡು ನಂಗೆ ಎಂತ ಉಪಯೋಗ ಇಲ್ಲ. ಆದ್ರೂ ಬಿಡಾರದಲ್ಲಿ ಇರಿ ಅಂತಿದ್ದೀನಿ. ಕೊಟ್ಟಿಗೆ ಕೆಲ್ಸ ನಿಂಗೆ ಕೊಡ್ತೀನಿ. ಡಾಕ್ಟ್ರು ನಮ್ಮೋರು, ಅವ್ರ ಹೆಸ್ರು ಕೆಡಬಾರ್ದು. ಒತ್ತದಿದ್ರೆ ಸಾಮಾನು ಕಟ್ಕೊಂಡು ಹೊರಡು, ಇವತ್ತೇ."

ಸೂರು ಬೇಕಾದರೆ ಗಂಡನ ಕೈ ಕೊಳೆಸಿದವಳು ನಾನೇ ಅಂತ ಒಪ್ಪಿಕೊಳ್ಳಬೇಕು. ಅವಳು ಕಾಗದ ನೋಡಿದಳು, ಸಾಲುಗಳು ಇರುವೆ ಸಾಲಿನ ಹಾಗೆ ಕಂಡವು. ಅವಳು ಸುಮ್ಮನಿದ್ದದ್ದನ್ನು ನೋಡಿ ಒಪ್ಪಿದಳೆಂದುಕೊಂಡ ರೇಣುಕಪ್ಪ ಶಾಯಿ ಡಬ್ಬಿಯ ಮುಚ್ಚಳ ತೆಗೆದ. ಕಾಗದದ ಕೊನೆಯಲ್ಲಿ ಎರಡು ಕಡೆ ಪೆನ್ಸಿಲಲ್ಲಿ ಗುರುತು ಹಾಕಿದ.

"ಇಲ್ಲಿ ನಿಂದು. ಇಲ್ಲಿ ನಿನ್ನ ಗಂಡಂದು. ಈ ಡಬ್ಬಿ ತಗೊಂಡು ಹೋಗಿ ಅವನ ಮಂಚದ ಹತ್ರವೇ ಒತ್ತಿಸ್ಕೊಂಡು ಬಾ. ಅವಂದು ಎಡಗೈ ಹೆಬ್ಬೆಟ್ಟು, ನೆನಪಿರ್ಲಿ."

"ಎಡಗೈದಾ?"

"ಗಂಡಸರದ್ದು ಎಡಗೈದೇ ಆಗ್ಬೇಕು. ರೂಲ್ಸು. ಬೇರೆ ಕೈದು ನಡಿಯಲ್ಲ."

ಗುಡ್ಡಮ್ಮ ಅವನ ಮುಖವನ್ನೇ ನೋಡಿದಳು. ತಮಾಷೆಗೆ ಅಂದಿರಲಿಲ್ಲ ಅವನು. ಹರಿಹರಯ್ಯನನ್ನು ನೋಡಿದಳು. ಅವರು ಒಂದು ಗೋಳಿಬಜೆ ಮುರಿದು ಚಟ್ನಿಗೆ ಅದ್ದುತ್ತಿದ್ದರು. ಕತ್ತರಿಸಿದ್ದು ಯಾವ ಕೈಯೆಂದು ಒಬ್ಬನಿಗೆ ಗೊತ್ತಿರಲಿಲ್ಲ, ಕಣ್ಣಾರೆ ನೋಡಿದ್ದ ಇನ್ನೊಬ್ಬನಿಗೆ ನೆನಪಿರಲಿಲ್ಲ. ಗೊತ್ತು ಮಾಡಿಕೊಳ್ಳಬೇಕು ಅಂತಲೂ ಅನಿಸಿರಲಿಲ್ಲ.

ಅವಳು ಕಂಕುಳಲ್ಲಿದ್ದ ಹಳದಿ ಚೀಲವನ್ನು ಮೇಜಿನ ಮೇಲಿಟ್ಟು ಗಂಟು ಬಿಚ್ಚಿದಳು. ಒಳಗಿನ ಹತ್ತಿ, ಬಟ್ಟೆ ಒಂದೊಂದಾಗಿ ತೆಗೆದಳು. ವಾಸನೆ ಮೊದಲು ಎದ್ದಿತು. ಆಮೇಲೆ ಕೈ ಹೊರಗೆ ಬಂತು. ಮೊಣಕೈ ಕಡೆ ಹಸಿ ಮಾಂಸ, ಬೆರಳ ಕಡೆ ಇದ್ದಲಿನ ಕಪ್ಪು, ಉಗುರಿನ ಸಂದಿಯಲ್ಲಿ ನೀಲಿ ಇನ್ನೂ ಇತ್ತು. ಅದನ್ನು ಎರಡೂ ಕೈಯಲ್ಲಿ ಎತ್ತಿ, ಕಾಗದದ ಮೇಲೆ, ತಟ್ಟೆಗೆ ತಾಗುವ ಹಾಗೆ ಇಟ್ಟಳು.

"ಇದೇ ಎಡಗೈ. ಒತ್ತಿಸ್ಕೊಳ್ಳಿ."

ಹರಿಹರಯ್ಯನ ಬಾಯಲ್ಲಿದ್ದದ್ದು ಹೊರಗೆ ಬಂತು. ಕುರ್ಚಿ ಹಿಂದಕ್ಕೆ ಬಿತ್ತು. ರೇಣುಕಪ್ಪ ಗೋಡೆಗೆ ಅಂಟಿ ನಿಂತ. ಹಾಲಿನಲ್ಲಿ ಕೂತಿದ್ದವರು ಒಬ್ಬೊಬ್ಬರಾಗಿ ಎದ್ದು ಬಂದು ರೂಮಿನ ಮುಂದೆ ಗುಂಪು ಕಟ್ಟಿದರು. ಗುಡ್ಡಮ್ಮ ಅವರ ಕಡೆ ತಿರುಗಿ, ತೋಟದಲ್ಲಿ ಮರದ ತುದಿಗೆ ಕೇಳುವ ಹಾಗೆ ಕೂಗಿ ಹೇಳುವ ಅದೇ ಗಂಟಲಲ್ಲಿ ಹೇಳಿದಳು.

"ನಾನು ಹನ್ನೆರಡು ವರ್ಷ ಮದ್ದಿನ ಪೈಪು ಹಿಡಿದೋಳು. ಸೋರ್ತೈತೆ ಅಂತ ಹೇಳ್ದೆ. ಕಟ್ಟಕ್ಕೆ ಹೋದ್ರೆ ಕೊಲೆಗಾತಿ ಅಂದ್ರು. ಡಾಕ್ಟ್ರು ಪಾಯ್ಸ ಕುಡಿಯಕ್ಕೆ ಹೋಗಿದ್ರು. ಈಗ ಸುಟ್ಟಿದ್ದು ನಾನು ಅಂತ ಬರ್ದವ್ರೆ. ನೋಡಿ, ಎಲ್ಲರೂ ನೋಡಿ."

ಮೇಲಿನ ಮಹಡಿಯಿಂದ ಕಾಂತೇಶ್ ಡಾಕ್ಟರು ಇಳಿದು ಬಂದರು. ಮೆಟ್ಟಿಲಲ್ಲೇ ನಿಂತರು. ಮೇಜಿನ ಮೇಲಿದ್ದ ಕೈಯಿಂದ ಇಳಿದ ನೀರು ಕಾಗದದ ಸಾಲುಗಳ ಮೇಲೆ ಹರಿದು, ಅಕ್ಷರ ಕದಡಿ, ಚಟ್ನಿಯ ಕಡೆಗೆ ಹೋಗುತ್ತಿತ್ತು.

"ತೆಗೀರಿ ಅದನ್ನ. ಯಾರಾದ್ರೂ ತೆಗೀರಿ," ಅಂದರು ಡಾಕ್ಟರು.

ಗುಡ್ಡಮ್ಮ ಬಿದ್ದಿದ್ದ ಕುರ್ಚಿಯನ್ನು ಎತ್ತಿ ನೇರ ಮಾಡಿ ಅದರಲ್ಲಿ ಕೂತಳು. ಹರಿಹರಯ್ಯನ ಮುಂದೆ ಅವಳು ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು.

"ನೀವೇ ಬಂದು ತೆಗೀರಿ," ಅಂದಳು. "ಒಂದು ಸಲ ಮುಟ್ಟಿ."

ಡಾಕ್ಟರು ಮೆಟ್ಟಿಲಿಂದ ಕೆಳಗೆ ಇಳಿಯಲಿಲ್ಲ. ಮೇಜಿನ ಮೇಲೆ ನೊಣಗಳು ಕೂರತೊಡಗಿದವು. ಅವಳು ಅವನ್ನು ಓಡಿಸುತ್ತ ಕಾದಳು.